ಜಲಿಯನ್‌ವಾಲಾ ಬಾಗಿನ ದರ್ಶನ

(ಶ್ರೀಮಠದ ಸುವರ್ಣ ಮಹೋತ್ಸವದ ಮೂರನೆಯ ದಿನದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಶ್ರೀಮಠವು ಐವತ್ತು ಸಂವತ್ಸರಗಳ ಕಾಲ ನಡೆಸಿದ ಅನ್ನದಾಸೋಹ ಜ್ಞಾನದಾಸೋಹಗಳನ್ನು ನೆನೆದು ಸಂತೋಷಪಡುತ್ತಿರುವ ಈ ಮಂಗಲಸಮಯದಲ್ಲಿ, ತೀರ್ಥಯಾತ್ರೆಯ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರು ನನಗೆ ಅಪ್ಪಣೆ ಕೊಡಿಸಿದರು. ನನಗಿಂತ ಮೊದಲು ಮಾತನಾಡಿದ ಹಿರಿಯರು ಶ್ರೀಶೈಲ, ಕೂಡಲಸಂಗಮ, ಉಳವಿಗಳ ಯಾತ್ರೆಯನ್ನು ಬಹು ರಸವತ್ತಾಗಿ ವರ್ಣಿಸಿರುತ್ತಾರೆ. ನಾನು ಹೇಳಲಿರುವ ಕ್ಷೇತ್ರದಲ್ಲಿ ದೇವಾಲಯವಿಲ್ಲ, ಗದ್ದುಗೆಯಿಲ್ಲ, ಪ್ರಸಾದವಿಲ್ಲ. ಅದು ನಾಲ್ಕು ಗೋಡೆಗಳ ನಡುವಣ ಒಂದು ಬಯಲು. ಹಬ್ಬದ ದಿನ ಸೂತಕದ ಮಾತೇಕೆಂದು ಕೆಲವರಿಗೆ ತೋರಬಹುದು. ಆದರೆ ಆ ಸೂತಕವು ಒದಗಿದುದೂ ಒಂದು ಹಬ್ಬದ ದಿನವೇ. ಅಲ್ಲದೆ ದಯೆಯನ್ನೇ ಧರ್ಮವೆಂದು ನಂಬಿದ ನಮಗೆ ಶೋಕಸ್ಥಾನವೂ ಒಂದು ತೀರ್ಥವೆಂದು ನಾನು ಭಾವಿಸಿರುವುದರಿಂದ, ಶ್ರೀಗಳವರ ಕ್ಷಮೆಯನ್ನು ಬೇಡಿ, ಪಂಜಾಬದ ಅಮೃತಸರ ನಗರದಲ್ಲಿರುವ ಜಲಿಯನ್‌ವಾಲಾ ಬಾಗಿನ ವಿಷಯವನ್ನೇ ಬಿನ್ನವಿಸುತ್ತೇನೆ.

ಅಮೃತಸರಕ್ಕೆ ಹೋದವರು ಮೊದಲು ದರ್ಶನಮಾಡುವುದು ಸಿಖ್ಖರ ಹರಿಮಂದಿರವನ್ನು. ನಾನೂ ಹಾಗೆಯೇ ಮಾಡಿದೆನು. ಸರೋವರದ ನಡುವೆ ಹೊನ್ನಿನ ಹೊದಿಕೆಯ ಆ ಮಂದಿರವು ಕಣ್ಣಿಗೆ ಹಬ್ಬವಾದುದು ನಿಜ. ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಅಲ್ಲಿಯ ಲಂಗರು. ಜಾತಿ ಕುಲಗಳನ್ನು ಕೇಳದೆ, ಬಂದವರೆಲ್ಲರನ್ನೂ ಒಂದೇ ನೆಲದ ಮೇಲೆ ಒಂದೇ ಸಾಲಿನಲ್ಲಿ ಕುಳ್ಳಿರಿಸಿ ಉಣಬಡಿಸುವ ಆ ಪದ್ಧತಿಯನ್ನು ಕಂಡಾಗ ನಾನು ಪರಸ್ಥಳದಲ್ಲಿರುವೆನೆಂಬುದೇ ಮರೆತುಹೋಯಿತು. ನಮ್ಮ ದಾಸೋಹದ ಮನೆಯಲ್ಲಿ ಹಿಟ್ಟು ನಾದುವ, ಎಲೆ ತೆಗೆಯುವ ಭಕ್ತರ ಮುಖಗಳೇ ಅಲ್ಲಿಯೂ ಕಂಡವು. ಉಡುಪು ಮಾತ್ರ ಬೇರೆ. ಗುರು ಗೋವಿಂದಸಿಂಹರು 1699ನೆಯ ಇಸವಿಯ ವೈಶಾಖಿಯಂದು ಆನಂದಪುರದಲ್ಲಿ ಖಾಲ್ಸಾ ಪಂಥವನ್ನು ಸ್ಥಾಪಿಸಿದಾಗ ತಲೆಯೊಪ್ಪಿಸಲು ಮುಂದೆ ಬಂದ ಐವರು ಪ್ರಿಯರಲ್ಲಿ ಒಬ್ಬನಾದ ಸಾಹಿಬಸಿಂಹನು ನಮ್ಮ ಬೀದರಿನವನೆಂದು ಸಿಖ್ಖರ ಪರಂಪರೆಯು ಹೇಳುತ್ತದೆ. ಶರಣರ ಕಲ್ಯಾಣವಿರುವುದೂ ಆ ಬೀದರ ಜಿಲ್ಲೆಯಲ್ಲಿಯೇ. ಹೀಗಿರಲು ನಮಗೂ ಆ ನಾಡಿಗೂ ನಂಟಿಲ್ಲವೆಂದು ಹೇಳುವಂತಿಲ್ಲ.

ಆ ವೈಶಾಖಿಯ ಹಬ್ಬದ ದಿನವೇ, 1919ನೆಯ ಇಸವಿ ಏಪ್ರಿಲ್ 13ನೆಯ ತಾರೀಖು ಭಾನುವಾರ, ಹರಿಮಂದಿರದಿಂದ ಕೂಗಳತೆಯಷ್ಟು ದೂರದಲ್ಲಿ ಈ ಘೋರವು ನಡೆಯಿತು.

ಅದರ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮೊದಲನೆಯ ಮಹಾಯುದ್ಧವು ಮುಗಿದಿದ್ದಿತು. ಆ ಯುದ್ಧಕ್ಕೆ ಪಂಜಾಬವು ಲಕ್ಷಗಟ್ಟಲೆ ತರುಣರನ್ನು ಕಳುಹಿಸಿದ್ದಿತು. ಪ್ರತಿಫಲವಾಗಿ ಸ್ವಾತಂತ್ರ್ಯದ ಒಂದು ಪಾಲಾದರೂ ದೊರೆಯುವುದೆಂದು ಜನರು ಎದುರುನೋಡುತ್ತಿರಲು, 1919ನೆಯ ಮಾರ್ಚಿಯಲ್ಲಿ ರೌಲತ್ ಕಾಯಿದೆಯು ಬಂದಿತು. ವಿಚಾರಣೆಯಿಲ್ಲದೆ ಜನರನ್ನು ಸೆರೆಯಲ್ಲಿಡುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿತು. ಮಹಾತ್ಮಾ ಗಾಂಧಿಯವರು ಸತ್ಯಾಗ್ರಹಕ್ಕೆ ಕರೆಕೊಟ್ಟರು. ಅಮೃತಸರದಲ್ಲಿ ಆ ಚಳವಳಿಯ ಮುಖಂಡರಾಗಿದ್ದವರು ಡಾಕ್ಟರ್ ಸೈಫುದ್ದೀನ್ ಕಿಚ್ಲೂ ಮತ್ತು ಡಾಕ್ಟರ್ ಸತ್ಯಪಾಲ್ ಎಂಬವರು. ಒಬ್ಬರು ಮುಸಲ್ಮಾನರು, ಒಬ್ಬರು ಹಿಂದೂಗಳು. ಏಪ್ರಿಲ್ 9ನೆಯ ತಾರೀಖಿನ ಶ್ರೀರಾಮನವಮಿಯನ್ನು ಆ ವರ್ಷ ಎರಡು ಮತದವರೂ ಕೂಡಿ ಆಚರಿಸಿ, ಒಂದೇ ಪಾತ್ರೆಯಿಂದ ನೀರು ಕುಡಿದರು. ಯಾರ ಮುಟ್ಟಿನ ನೀರು ಯಾರಿಗೆ ಆಗದೆಂಬ ವಿಚಾರವು ನಮ್ಮ ದೇಶವನ್ನು ಎಷ್ಟು ಶತಮಾನ ಕಾಡಿತೆಂಬುದನ್ನು ಬಲ್ಲ ಈ ಸಭೆಗೆ ಆ ಒಂದು ಪಾತ್ರೆ ನೀರಿನ ಬೆಲೆಯನ್ನು ನಾನು ವಿವರಿಸಬೇಕಾಗಿಲ್ಲ.

ಮರುದಿನವೇ ಆ ಇಬ್ಬರು ಮುಖಂಡರನ್ನೂ ಬಂಧಿಸಿ ಊರಿನಿಂದ ಸಾಗಿಸಿದರು. ಅವರನ್ನು ಬಿಡಿಸಿಕೊಡಬೇಕೆಂದು ಕೇಳಲು ಹೊರಟ ಜನರ ಮೇಲೆ ರೈಲುದಾರಿಯ ಸೇತುವೆಯ ಬಳಿ ಗುಂಡು ಹಾರಿತು. ಕೆರಳಿದ ಗುಂಪು ಬ್ಯಾಂಕುಗಳಿಗೆ ಬೆಂಕಿಯಿಟ್ಟು ಐವರು ಯೂರೋಪಿಯನರನ್ನು ಕೊಂದಿತು. ಶೇರ್ವುಡ್ ಎಂಬ ಮಿಶನರಿ ಹೆಂಗಸನ್ನು ಓಣಿಯೊಂದರಲ್ಲಿ ಹೊಡೆದು ಬೀಳಿಸಿತು. ಈ ಮಾತನ್ನು ಮುಚ್ಚಿಡುವುದು ಸತ್ಯಕ್ಕೆ ಒಪ್ಪುವುದಿಲ್ಲ. ನಮ್ಮವರು ಮಾಡಿದ ತಪ್ಪು ತಪ್ಪೇ ಸರಿ. ಆ ಹೆಂಗಸನ್ನು ಎತ್ತಿಕೊಂಡು ಹೋಗಿ ಉಪಚರಿಸಿ ಬದುಕಿಸಿದವರೂ ಆ ಊರಿನ ಭಾರತೀಯರೇ ಎಂಬುದನ್ನೂ ಕೂಡಿಸಿ ಹೇಳತಕ್ಕದ್ದು.

ಅನಂತರ ಊರು ಬ್ರಿಗೇಡಿಯರ್ ಜನರಲ್ ರೆಜಿನಾಲ್ಡ್ ಡೈಯರ್ ಎಂಬ ಸೇನಾನಿಯ ವಶವಾಯಿತು. ಸಭೆ ಸೇರಕೂಡದೆಂದೂ ರಾತ್ರಿ ಎಂಟು ಗಂಟೆಯ ಮೇಲೆ ಯಾರೂ ಬೀದಿಯಲ್ಲಿ ತಿರುಗಕೂಡದೆಂದೂ 13ರ ಬೆಳಿಗ್ಗೆ ಡಂಗುರ ಹೊಡೆಯಿಸಲಾಯಿತು. ಆ ಡಂಗುರವು ಊರಿನ ಎಷ್ಟೋ ಭಾಗಗಳನ್ನು ಮುಟ್ಟಲೇ ಇಲ್ಲ. ಹಬ್ಬಕ್ಕೆಂದು ಹಳ್ಳಿಗಳಿಂದ ಬಂದ ಒಕ್ಕಲಿಗರಿಗೆ ಅದರ ಸುಳಿವೇ ಇರಲಿಲ್ಲ.

ಬಾಗು ಎಂದರೆ ತೋಟವೆಂದರ್ಥ. ಜಲ್ಲಾ ಎಂಬ ಊರಿನ ಮನೆತನದವರಿಗೆ ಸೇರಿದ್ದ ಆ ಸ್ಥಳದಲ್ಲಿ ಆ ವೇಳೆಗೆ ತೋಟವೇನೂ ಉಳಿದಿರಲಿಲ್ಲ. ಸುತ್ತಲೂ ಮನೆಗಳ ಹಿಂಗೋಡೆಗಳು, ಒಳಗೆ ತಗ್ಗಾದ ಬಯಲು, ಎರಡು ಮೂರು ಮರಗಳು, ಒಂದು ಹಳೆಯ ಸಮಾಧಿ, ಒಂದು ಬಾವಿ. ಒಳಹೋಗಲು ಮುಖ್ಯವಾಗಿ ಒಂದೇ ಓಣಿ. ಸಂಜೆಯ ಹೊತ್ತಿಗೆ ಅಲ್ಲಿ ಸೇರಿದ್ದವರು ಹದಿನೈದು ಇಪ್ಪತ್ತು ಸಾವಿರ ಮಂದಿ ಎಂದು ಅಂದಾಜು. ಕೆಲವರು ಭಾಷಣ ಕೇಳಲು ಬಂದವರು, ಕೆಲವರು ಮಂದಿರದ ದರ್ಶನವಾದ ಮೇಲೆ ದಣಿವಾರಿಸಿಕೊಳ್ಳಲು ಬಂದವರು, ಮಕ್ಕಳೂ ಇದ್ದರು. ಐದು ಗಂಟೆ ದಾಟಿದ ಮೇಲೆ ಡೈಯರನು ಬಂದೂಕುಳ್ಳ ಐವತ್ತು ಮಂದಿ ಸಿಪಾಯಿಗಳನ್ನೂ ಕುಕ್ರಿ ಹಿಡಿದ ನಲವತ್ತು ಮಂದಿ ಗೂರ್ಖರನ್ನೂ ಒಳಗೆ ನಡೆಸಿದನು. ಅವನೊಡನೆ ಬಂದ ಎರಡು ಕವಚದ ಮೋಟಾರುಗಳು ಓಣಿಯಲ್ಲಿ ಹಿಡಿಸದೆ ಹೊರಗೆ ನಿಂತವು. ಚೆದರಿರೆಂಬ ಒಂದು ಮಾತಿನ ಎಚ್ಚರಿಕೆಯೂ ಇಲ್ಲದೆ ಗುಂಡಿನ ಮಳೆ ಮೊದಲಾಯಿತು. ಹತ್ತು ನಿಮಿಷಗಳ ಕಾಲ 1650 ಗುಂಡುಗಳು ಹಾರಿದವು. ಜನರು ಎಲ್ಲಿ ಒತ್ತಾಗಿದ್ದರೋ, ಗೋಡೆ ಹತ್ತಲು ಎಲ್ಲಿ ಮುತ್ತಿದ್ದರೋ, ಅತ್ತ ಕಡೆಗೆ ಗುರಿಯನ್ನು ತಿರುಗಿಸಲಾಯಿತು. ಮದ್ದುಗುಂಡುಗಳು ಮುಗಿಯಬಂದಾಗ ಸೇನೆಯು ಬಂದ ದಾರಿಯಲ್ಲಿಯೇ ಹಿಂದಿರುಗಿತು. ಗಾಯಗೊಂಡವರ ಕಡೆಗೆ ಯಾರೂ ತಿರುಗಿ ನೋಡಲಿಲ್ಲ.

ಶರಣ ಬಂಧುಗಳೇ, ಇಂದು ಆ ಓಣಿಯಲ್ಲಿ ನಡೆಯುವವರಿಗೆ ಎರಡು ಪಕ್ಕದ ಗೋಡೆಗಳಲ್ಲಿಯೂ ಅಂದಿನ ಜನರ ಆಕೃತಿಗಳು ಉಬ್ಬುಶಿಲ್ಪವಾಗಿ ಕಾಣುತ್ತವೆ. ಸ್ಮಾರಕವನ್ನು ನವೀಕರಿಸಿ 2021ನೆಯ ಆಗಸ್ಟಿನಲ್ಲಿ ಮತ್ತೆ ತೆರೆದಾಗ ಬಂದ ಬದಲಾವಣೆಯಿದು. ಹಬ್ಬಕ್ಕೆ ಹೊರಟ ಜನರು ನಗುತ್ತಾ ಹೋಗುತ್ತಿರುವಂತೆ ಅವನ್ನು ಕಡೆದಿರುತ್ತಾರೆ. ಹಿಂದಿನ ಬರಿಯ ಇಟ್ಟಿಗೆಯ ಗೋಡೆಯೇ ಸತ್ಯವನ್ನು ಹೆಚ್ಚಾಗಿ ಹೇಳುತ್ತಿತ್ತೆಂದು ಚರಿತ್ರಕಾರರು ಹಲವರು ಆಕ್ಷೇಪಿಸಿದರು. ನಾನು ಆ ವಾದದಲ್ಲಿ ತೀರ್ಪು ಹೇಳಲಾರೆನು. ಆದರೆ ಕಂಡದ್ದನ್ನು ಹೇಳಬೇಕು. ನನ್ನ ಮುಂದೆ ಹೋಗುತ್ತಿದ್ದ ಒಂದು ಕುಟುಂಬದವರು ಆ ನಗುವ ಮುಖಗಳ ಪಕ್ಕದಲ್ಲಿ ತಾವೂ ನಗುತ್ತಾ ನಿಂತು ಮೊಬೈಲಿನಲ್ಲಿ ಭಾವಚಿತ್ರ ತೆಗೆದುಕೊಂಡರು. ಅವರಲ್ಲಿ ಕೆಟ್ಟತನವೇನೂ ಇರಲಿಲ್ಲ. ಒಳಗೆ ಹೋಗಿ ಗುಂಡಿನ ಗುರುತುಗಳುಳ್ಳ ಗೋಡೆಯ ಮುಂದೆ ನಿಂತಾಗ ಅದೇ ಕುಟುಂಬದ ಹತ್ತು ಹನ್ನೊಂದು ವಯಸ್ಸಿನ ಹುಡುಗನೊಬ್ಬನು ಒಂದು ತೂತಿನತ್ತ ಬೆರಳು ಚಾಚಿ, ಅದು ತನ್ನ ಎದೆಯ ಎತ್ತರದಲ್ಲಿರುವುದನ್ನು ಅಳೆದು ನೋಡಿ, ಸುಮ್ಮನೆ ತಾಯಿಯ ಸೆರಗನ್ನು ಹಿಡಿದುಕೊಂಡನು. ಆಮೇಲೆ ಅವರಾರೂ ಭಾವಚಿತ್ರ ತೆಗೆಯಲಿಲ್ಲ.

ಬಯಲಿನ ನಡುವೆ ಕೆಂಪುಗಲ್ಲಿನ ಒಂದು ಎತ್ತರದ ಸ್ತಂಭವಿರುತ್ತದೆ. 1920ರಲ್ಲಿಯೇ ದೇಶದ ಜನರು ಚಂದಾ ಕೂಡಿಸಿ ಈ ನೆಲವನ್ನು ಕೊಂಡುಕೊಳ್ಳುವ ಏರ್ಪಾಡು ಮಾಡಿದರು. ಸ್ವಾತಂತ್ರ್ಯಾನಂತರ 1951ರಲ್ಲಿ ಪಾರ್ಲಿಮೆಂಟು ಇದನ್ನು ರಾಷ್ಟ್ರೀಯ ಸ್ಮಾರಕವಾಗಿ ನಡೆಸಲು ಕಾಯಿದೆ ಮಾಡಿತು. ಬೆಂಜಮಿನ್ ಪೋಕ್ ಎಂಬ ಅಮೆರಿಕದ ಶಿಲ್ಪಜ್ಞರು ಕಲ್ಪಿಸಿದ ಸ್ತಂಭವನ್ನು 1961ನೆಯ ಏಪ್ರಿಲ್ 13ರಂದು ರಾಷ್ಟ್ರಪತಿ ಬಾಬು ರಾಜೇಂದ್ರಪ್ರಸಾದರು ಉದ್ಘಾಟಿಸಿದರು. ಒಂದು ಪಕ್ಕದಲ್ಲಿ ಆ ಬಾವಿಯಿದೆ. ಗುಂಡಿಗೆ ಹೆದರಿ ಅದರೊಳಗೆ ಬಿದ್ದು ಸತ್ತವರಲ್ಲಿ 120 ಮಂದಿಯ ಶವಗಳನ್ನು ಹೊರತೆಗೆದರೆಂದು ಅಲ್ಲಿಯ ಫಲಕವು ಹೇಳುತ್ತಿತ್ತು. ಈಗ ಅದಕ್ಕೆ ಗಾಜಿನ ಆವರಣ ಹಾಕಿರುತ್ತಾರೆ.

ಸತ್ತವರೆಷ್ಟು ಮಂದಿ? ಸರ್ಕಾರದ ಲೆಕ್ಕ 379. ಗಾಂಧಿಯವರೂ ಚಿತ್ತರಂಜನದಾಸರೂ ಅಬ್ಬಾಸ್ ತಯ್ಯಬ್ಜಿಯವರೂ ಜಯಕರರೂ ಇದ್ದ ಕಾಂಗ್ರೆಸ್ಸಿನ ವಿಚಾರಣಾ ಸಮಿತಿಯು ಸಾವಿರದ ಹತ್ತಿರವೆಂದು ಎಣಿಸಿತು. ಒಂದು ಶತಮಾನ ಕಳೆದರೂ ಈ ಅಂತರವು ತುಂಬಿಲ್ಲ. ಆ ರಾತ್ರಿ ಬೀದಿಗೆ ಬಂದವರನ್ನು ಗುಂಡಿಕ್ಕುವ ಆಜ್ಞೆಯಿದ್ದುದರಿಂದ ಎಣಿಸುವವರೇ ಇರಲಿಲ್ಲ. ಹಳ್ಳಿಯಿಂದ ಬಂದವರ ಮನೆಯವರಿಗೆ ಸುದ್ದಿಯೇ ಮುಟ್ಟಲಿಲ್ಲ. ಸರ್ಕಾರವು ಹೆಸರುಗಳನ್ನು ಕೇಳಿದುದು ತಿಂಗಳುಗಳು ಕಳೆದ ಮೇಲೆ. ಆಗ, ನಮ್ಮವನು ಅಲ್ಲಿ ಸತ್ತನೆಂದು ಹೇಳಿದರೆ ನಮ್ಮನ್ನೂ ರಾಜದ್ರೋಹಿಗಳೆಂದು ಹಿಡಿಯುವರೇನೋ ಎಂಬ ಭಯದಿಂದ ಎಷ್ಟೋ ಮಂದಿ ಬಾಯಿ ಬಿಡಲಿಲ್ಲ. ಸತ್ತವನ ಹೆಸರನ್ನು ಹೇಳುವುದಕ್ಕೂ ಅಂಜುವ ಸ್ಥಿತಿಯು ಮರಣಕ್ಕಿಂತಲೂ ಕಡೆಯಾದುದಲ್ಲವೇ?

ಸಂಖ್ಯೆಗಳನ್ನು ಬಿಟ್ಟು ಒಬ್ಬ ತಾಯಿಯ ಮಾತನ್ನು ಹೇಳುತ್ತೇನೆ. ರತನದೇವಿ ಎಂಬ ಆಕೆಯು ಆ ಬಾಗಿನ ಸಮೀಪದಲ್ಲಿಯೇ ವಾಸವಾಗಿದ್ದಳು. ಆಕೆಯು ಕಾಂಗ್ರೆಸ್ ಸಮಿತಿಯ ಮುಂದೆ ಕೊಟ್ಟ ಸಾಕ್ಷ್ಯವು ಅಚ್ಚಾಗಿರುತ್ತದೆ. ಗುಂಡಿನ ಶಬ್ದವನ್ನು ಕೇಳಿ ಓಡಿಬಂದ ಆಕೆಯು ಹೆಣಗಳ ರಾಶಿಯಲ್ಲಿ ಹುಡುಕಿ ತನ್ನ ಪತಿಯ ದೇಹವನ್ನು ಕಂಡಳು. ಅದನ್ನು ಮನೆಗೆ ಸಾಗಿಸಲು ಒಂದು ಮಂಚವನ್ನು ತಂದುಕೊಡಿರೆಂದು ಪರಿಚಯದ ಹುಡುಗರನ್ನು ಕಳುಹಿಸಿದಳು. ಅಷ್ಟರಲ್ಲಿ ಎಂಟು ಗಂಟೆಯಾಯಿತು. ಬೀದಿಗೆ ಇಳಿಯುವ ಧೈರ್ಯವು ಯಾರಿಗೂ ಉಳಿಯಲಿಲ್ಲ. ತಾನೇ ಹೋಗಿ ಬಾಗಿಲು ಬಾಗಿಲಿಗೆ ಬೇಡಿದಳು, ಯಾರೂ ಬರಲಿಲ್ಲ. ಹಿಂದಿರುಗಿ ಬಂದು, ನಾಯಿಗಳನ್ನು ಅಟ್ಟಲು ಕೈಯಲ್ಲೊಂದು ಬಿದಿರುಕೋಲನ್ನು ಹಿಡಿದು, ಗಂಡನ ಶವದ ಬಳಿ ರಾತ್ರಿಯೆಲ್ಲ ಕುಳಿತಳು. ಸನಿಹದಲ್ಲಿ ಗಾಯಗೊಂಡು ಬಿದ್ದಿದ್ದ ಸುಮಾರು ಹನ್ನೆರಡು ವಯಸ್ಸಿನ ಬಾಲಕನೊಬ್ಬನು ತನ್ನನ್ನು ಬಿಟ್ಟು ಹೋಗಬೇಡವೆಂದು ಆಕೆಯನ್ನು ಅಂಗಲಾಚಿದನು. ಗಂಡನನ್ನು ಬಿಟ್ಟು ತಾನೆಲ್ಲಿಗೂ ಹೋಗಲಾರೆನೆಂದು ಆಕೆ ಹೇಳಿದಳು. ಚಳಿಯಾಗುತ್ತಿದ್ದರೆ ಹೊದಿಸಲೇ ಎಂದು ಕೇಳಿದಳು. ಅವನು ಕೇಳಿದುದು ನೀರನ್ನು. ಆ ಸ್ಥಳದಲ್ಲಿ ನೀರನ್ನು ಎಲ್ಲಿಂದ ತರುವುದು? ಬೆಳಿಗ್ಗೆ ಆರು ಗಂಟೆಗೆ ನೆರೆಯವರು ಮಂಚವನ್ನು ತಂದರು.

ನಾಲ್ಕು ದಿನಗಳ ಹಿಂದೆ ಎರಡು ಮತದವರೂ ಒಂದೇ ಪಾತ್ರೆಯಿಂದ ನೀರು ಕುಡಿದ ಊರಿನಲ್ಲಿ, ಪವಿತ್ರ ಸರೋವರದ ಮಗ್ಗುಲಿನಲ್ಲಿ, ಬಾವಿಯಿದ್ದ ಬಯಲಿನಲ್ಲಿ, ಒಬ್ಬ ಬಾಲಕನ ಬಾಯಿಗೆ ಒಂದು ಗುಟುಕು ನೀರು ದೊರೆಯಲಿಲ್ಲ. ನನಗೆ ಬಾಗಿನ ಚರಿತ್ರೆಯೆಲ್ಲವೂ ಈ ಒಂದು ಮಾತಿನಲ್ಲಿದೆ.

ಇನ್ನು ಈ ಘೋರವನ್ನು ಮಾಡಿದವರಾರೆಂಬ ಪ್ರಶ್ನೆಗೆ ಬರುತ್ತೇನೆ. ಆಜ್ಞೆಯನ್ನು ಕೊಟ್ಟವನು ಆಂಗ್ಲ ಸೇನಾನಿ. ಕುದುರೆ ಎಳೆದ ಬೆರಳುಗಳು ಯಾರವು? ಗುಂಡು ಹಾರಿಸಿದ ಸಿಪಾಯಿಗಳಲ್ಲಿ ಆಂಗ್ಲನೊಬ್ಬನೂ ಇರಲಿಲ್ಲ. ಅವರು ಗೂರ್ಖರು, ಭಾರತೀಯರು. ತಿಂಗಳ ಸಂಬಳಕ್ಕೆ ದುಡಿಯುವ ಬಡವರ ಮಕ್ಕಳು. ಅವರ ಹೆಸರುಗಳು ಯಾವ ಕಲ್ಲಿನ ಮೇಲೆಯೂ ಇಲ್ಲ. ಅವರು ತಮ್ಮ ಕೆಲಸವನ್ನು ಮಾಡಿದರು. ಅದೇ ವರ್ಷದ ನವೆಂಬರಿನಲ್ಲಿ ಲಾರ್ಡ್ ಹಂಟರನ ವಿಚಾರಣಾ ಸಮಿತಿಯು ಲಾಹೋರಿನಲ್ಲಿ ಡೈಯರನನ್ನು ಪ್ರಶ್ನಿಸಿತು. ಓಣಿಯು ಅಗಲವಾಗಿದ್ದು ಕವಚದ ಮೋಟಾರುಗಳು ಒಳಬರುವಂತಿದ್ದರೆ ಯಂತ್ರಗನ್ನುಗಳನ್ನು ಬಹುಶಃ ಉಪಯೋಗಿಸುತ್ತಿದ್ದೆನೆಂದು ಅವನು ಒಪ್ಪಿದನು. ಗಾಯಗೊಂಡವರಿಗೆ ಏನು ಮಾಡಿದೆಯೆಂದಾಗ, ಅದು ತನ್ನ ಕೆಲಸವಾಗಿರಲಿಲ್ಲವೆಂದೂ ಆಸ್ಪತ್ರೆಗಳು ತೆರೆದಿದ್ದವೆಂದೂ ಉತ್ತರಕೊಟ್ಟನು.

ಅದು ನನ್ನ ಕೆಲಸವಲ್ಲ. ಈ ಮಾತನ್ನು ನಾನು ಮೊದಲು ಓದಿದಾಗ ನನಗೆ ಕೋಪ ಬಂದಿತ್ತು. ಬಾಗಿನಲ್ಲಿ ನಿಂತು ನೆನೆದಾಗ ಬಂದುದು ಕೋಪವಲ್ಲ, ನಾಚಿಕೆ. ಅದಕ್ಕೆ ಕಾರಣವನ್ನು ಗುರುಸನ್ನಿಧಿಯಲ್ಲಿ ಒಪ್ಪಿಕೊಳ್ಳುವುದೇ ಲೇಸು.

ನಾನು ಬಹುಕಾಲ ಉದ್ಯೋಗದಲ್ಲಿದ್ದವನು. ಊರಿನ ಹೆಸರು ಬೇಡ. ಕೆರೆಯಂಗಳದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ನಲವತ್ತು ಒಕ್ಕಲುಗಳನ್ನು ತೆರವು ಮಾಡಿಸಬೇಕೆಂದು ಒಂದು ಸಲ ನನಗೆ ಆಜ್ಞೆಯಾಯಿತು. ಆಜ್ಞೆಯು ಕಾಯಿದೆಗೆ ಸರಿಯಾಗಿದ್ದಿತು. ಮಳೆಗಾಲದ ಒಂದು ಸಂಜೆ ಆಳುಗಳನ್ನು ಕರೆದುಕೊಂಡು ಹೋಗಿ ಗುಡಿಸಲುಗಳನ್ನು ಕೀಳಿಸಿದೆನು. ಮೊಮ್ಮಗುವನ್ನು ಕಂಕುಳಲ್ಲಿಟ್ಟುಕೊಂಡ ಒಬ್ಬ ಮುದುಕಿಯು, "ಸ್ವಾಮಿ, ಬೆಳಗಾಗುವ ತನಕ ಬಿಡಿರಿ, ಈ ಹೊತ್ತಿನಲ್ಲಿ ಎಲ್ಲಿಗೆ ಹೋಗಲಿ?" ಎಂದು ಕೇಳಿದಳು. "ಅಜ್ಜಿ, ಮೇಲಿನ ಹುಕುಂ ಆಗಿದೆ, ಎಲ್ಲಿಗೆ ಹೋಗಬೇಕೆಂದು ಹೇಳುವುದು ನನ್ನ ಕೆಲಸವಲ್ಲ" ಎಂದೆನು. ಆ ರಾತ್ರಿ ಪ್ರವಾಸಿ ಬಂಗಲೆಯಲ್ಲಿ ಬಿಸಿಯೂಟ ಮಾಡಿ ಮಲಗಿದೆನು. ಮಳೆಯ ಸಪ್ಪಳ ಕೇಳುತ್ತಿದ್ದಿತು. ಆಕೆಯು ಎಲ್ಲಿ ಮಲಗಿದಳೆಂದು ನಾನು ಮರುದಿನವೂ ವಿಚಾರಿಸಲಿಲ್ಲ. ಯಾರೂ ಸಾಯಲಿಲ್ಲ, ಯಾರೂ ನನ್ನ ಮೇಲೆ ದೂರು ಕೊಡಲಿಲ್ಲ, ಕೆಲಸವನ್ನು ಚೆನ್ನಾಗಿ ಮುಗಿಸಿದೆನೆಂದು ಮೇಲಿನವರು ಮೆಚ್ಚಿದರು. ನನ್ನ ಆ ಸಂಜೆಯನ್ನು ಜಲಿಯನ್‌ವಾಲಾ ಬಾಗಿಗೆ ಸರಿಗಟ್ಟುವಷ್ಟು ಅವಿವೇಕಿ ನಾನಲ್ಲ. ಆದರೆ ಆ ಒಂದು ಮಾತು ಮಾತ್ರ ಎರಡು ಕಡೆಯೂ ಒಂದೇ. ದೊಡ್ಡ ಪಾಪಕ್ಕೆ ಬೇಕಾದ ಬೀಜವು ಸಣ್ಣ ಮನುಷ್ಯರ ಜೋಳಿಗೆಯಲ್ಲಿಯೂ ಇರುತ್ತದೆಂಬುದನ್ನು ನಾನು ಆ ಗೋಡೆಯ ಮುಂದೆ ಕಲಿತೆನು.

ನಾವು ಕಾಯಕವನ್ನು ಪೂಜೆಗೆ ಸಮನೆನ್ನುವ ಜನ. ಆದುದರಿಂದಲೇ ಈ ಮಾತನ್ನು ನಾವು ಇತರರಿಗಿಂತ ಹೆಚ್ಚು ಜಾಗರೂಕತೆಯಿಂದ ವಿಚಾರಿಸಬೇಕು. ಸಂಬಳಕ್ಕೆ ಮಾಡಿದ ಕೆಲಸವೆಲ್ಲವೂ ಕಾಯಕವಾಗಲಾರದು. ಕೈ ಶುದ್ಧವಾಗಿರಬೇಕು, ಭಾವ ಶುದ್ಧವಾಗಿರಬೇಕು. ಕೆಲಸದ ಫಲವು ಸಮಾಜಕ್ಕೆ ದಾಸೋಹವಾಗಿ ಸಲ್ಲಬೇಕು. ಹಾಗಿರುವಲ್ಲಿ ಮಾತ್ರ ಶರಣರು ಕಾಯಕವೆಂಬ ಹೆಸರನ್ನು ಕೊಟ್ಟರು. ಆಜ್ಞೆಯ ಹಿಂದೆ ಅಡಗಿಕೊಂಡು ಅಂತಃಸಾಕ್ಷಿಯನ್ನು ಮನೆಯಲ್ಲಿ ಬಿಟ್ಟುಬಂದವನ ಕೆಲಸವು ಎಷ್ಟು ದಕ್ಷವಾಗಿದ್ದರೂ ಅದು ಬರಿಯ ಕೂಲಿ. ಇಂದು ಈ ಸಭೆಯಲ್ಲಿ ಸರ್ಕಾರದ ಸೇವೆಯಲ್ಲಿರುವ ತರುಣರು ಅನೇಕರಿದ್ದೀರಿ. ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ದೊಡ್ಡ ಪದವಿಗಳಿಗೆ ಏರಿದವರಿದ್ದೀರಿ. ಹುಕುಂ ಬಂದಾಗ ಅದನ್ನು ಪಾಲಿಸಬಾರದೆಂದು ನಾನು ಹೇಳುತ್ತಿಲ್ಲ. ರಾಜ್ಯವು ನಡೆಯಬೇಕಾದರೆ ಶಿಸ್ತು ಬೇಕೇ ಬೇಕು. ಆದರೆ, ಇದಾದ ಮೇಲೆ ಈ ಜನರು ರಾತ್ರಿ ಎಲ್ಲಿ ಮಲಗುವರು, ಇವರಿಗೆ ನೀರು ಯಾರು ಕೊಡುವರು ಎಂಬ ಪ್ರಶ್ನೆಯೂ ನಿಮ್ಮ ಕೆಲಸವೇ ಎಂದು ಮಾತ್ರ ಹೇಳುತ್ತೇನೆ.

ಆ ಕಾಲದಲ್ಲಿಯೂ ಹುಕುಮಿಗಿಂತ ಅಂತಃಸಾಕ್ಷಿಯನ್ನು ದೊಡ್ಡದೆಂದು ತಿಳಿದವರಿದ್ದರು. ವೈಸರಾಯರ ಕಾರ್ಯಕಾರಿ ಮಂಡಲದಲ್ಲಿದ್ದ ಸರ್ ಶಂಕರನ್ ನಾಯರರು ಪಂಜಾಬದ ದಬ್ಬಾಳಿಕೆಯನ್ನು ಪ್ರತಿಭಟಿಸಿ ಆ ಪದವಿಯನ್ನು ಬಿಟ್ಟುಕೊಟ್ಟರು. ಕವಿ ರವೀಂದ್ರನಾಥ ಠಾಕೂರರು 1919ನೆಯ ಮೇ ತಿಂಗಳ ಕೊನೆಯಲ್ಲಿ ವೈಸರಾಯರಿಗೆ ಪತ್ರ ಬರೆದು ತಮ್ಮ ಸರ್ ಪದವಿಯನ್ನು ಹಿಂದಿರುಗಿಸಿದರು. ಇಂಗ್ಲೆಂಡಿನಲ್ಲಿಯೂ ಒಂದೇ ಮನಸ್ಸಿರಲಿಲ್ಲ. ಹಂಟರನ ಸಮಿತಿಯು ಡೈಯರನ ಕೃತ್ಯವನ್ನು ಖಂಡಿಸಿತು. ಅವನು ಸೈನ್ಯವನ್ನು ಬಿಡಬೇಕಾಯಿತು. ಆದರೆ 1920ರಲ್ಲಿ ಅಲ್ಲಿಯ ಪ್ರಭುಸಭೆಯು 129 ಮತಗಳಿಗೆ 86ರಂತೆ ಅವನ ಪಕ್ಷವನ್ನೇ ವಹಿಸಿತು. ಒಂದು ವೃತ್ತಪತ್ರಿಕೆಯು ಅವನಿಗಾಗಿ ನಿಧಿ ತೆರೆಯಲು ಸುಮಾರು 26,000 ಪೌಂಡು ಕೂಡಿತು. ಒಂದು ಜನಾಂಗವೆಲ್ಲವೂ ಒಳ್ಳೆಯದೆಂದಾಗಲಿ ಕೆಟ್ಟದೆಂದಾಗಲಿ ಹೇಳಲು ಚರಿತ್ರೆಯು ಎಡೆಗೊಡುವುದಿಲ್ಲ.

ಇನ್ನೊಂದು ಸಂಗತಿಯನ್ನು ಈ ಸಭೆಯು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕೆಂದು ಬೇಡುತ್ತೇನೆ. ಶೇರ್ವುಡ್ ಎಂಬಾಕೆಗೆ ಪೆಟ್ಟಾದ ಓಣಿಯ ಮಾತನ್ನು ಹೇಳಿದೆನಷ್ಟೆ. ಹತ್ಯಾಕಾಂಡವಾದ ಕೆಲವು ದಿನಗಳ ಮೇಲೆ ಆ ಓಣಿಯಲ್ಲಿ ಹೋಗುವ ಭಾರತೀಯರೆಲ್ಲರೂ ನೆಲದ ಮೇಲೆ ತೆವಳಿಕೊಂಡೇ ಹೋಗಬೇಕೆಂದು ಡೈಯರನು ಆಜ್ಞೆಮಾಡಿದನು. ಅಲ್ಲಿ ಮನೆಯುಳ್ಳವರೂ ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಧೂಳಿನಲ್ಲಿ ಹರಿದರು. ತಲೆಬಾಗುವುದು ನಮಗೆ ಹೊಸತಲ್ಲ. ಗುರುವಿನ ಮುಂದೆ ದೀರ್ಘದಂಡ ನಮಸ್ಕಾರ ಮಾಡುವುದರಲ್ಲಿ ನಮಗೆ ಆನಂದವುಂಟು. ಆದರೆ ಭಕ್ತಿಯಿಂದ ಬೀಳುವ ದೇಹಕ್ಕೂ ಕೋವಿಯ ಮೊನೆಯಿಂದ ಬೀಳಿಸಿದ ದೇಹಕ್ಕೂ ಭೂಮ್ಯಾಕಾಶಗಳ ಅಂತರವಿದೆ.

ಅದಾಗಿ ನೂರು ವರ್ಷಗಳು ಸಂದವು. 2019ನೆಯ ಏಪ್ರಿಲಿನಲ್ಲಿ ಬ್ರಿಟನ್ನಿನ ಪ್ರಧಾನಮಂತ್ರಿ ತೆರೇಸಾ ಮೇ ಅವರು ತಮ್ಮ ಪಾರ್ಲಿಮೆಂಟಿನಲ್ಲಿ ಈ ದುರಂತಕ್ಕಾಗಿ ಆಳವಾದ ವಿಷಾದವನ್ನು ಸೂಚಿಸಿದರು; ಕ್ಷಮೆಯ ಮಾತನ್ನು ಮಾತ್ರ ಆಡಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಚರ್ಚಿನ ಮುಖ್ಯ ಧರ್ಮಗುರುಗಳಾಗಿದ್ದ, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿಯವರು ಆ ಬಾಗಿಗೆ ಬಂದರು. ಸರ್ಕಾರದ ಪರವಾಗಿ ಮಾತನಾಡುವ ಅಧಿಕಾರವು ತಮಗಿಲ್ಲವೆಂದೂ, ಇಲ್ಲಿ ನಡೆದ ಅಪರಾಧಕ್ಕೆ ತಾವು ನಾಚುವುದಾಗಿಯೂ ದುಃಖಿಸುವುದಾಗಿಯೂ ಹೇಳಿ, ಆ ಬಿಸಿಲಿನ ನೆಲದ ಮೇಲೆ ಅಡ್ಡಬಿದ್ದರು. ಯಾರೂ ಅವರಿಗೆ ಆಜ್ಞೆಮಾಡಿರಲಿಲ್ಲ. ಕ್ಷಮೆಯನ್ನು ಕೇಳುವುದು ರಾಜ್ಯಗಳಿಗೆ ಕಷ್ಟವಾಗಬಹುದು, ಮನುಷ್ಯನಿಗೆ ಕಷ್ಟವಾಗಬೇಕಾಗಿಲ್ಲ. ಹಿಂದೆ ಬಲಾತ್ಕಾರದಿಂದ ಮನುಷ್ಯರನ್ನು ತೆವಳಿಸಿದ ಊರಿನಲ್ಲಿ, ತೆವಳಿಸಿದವರ ನಾಡಿನ ಗುರುವೊಬ್ಬನು ತಾನಾಗಿ ಮೈಚಾಚಿ ಮಲಗಿದುದನ್ನು ನೆನೆದಾಗ, ನಮಸ್ಕಾರವೆಂಬುದರ ಅರ್ಥವು ನನಗೆ ಮತ್ತೊಮ್ಮೆ ತಿಳಿದಂತಾಯಿತು.

ಹಾಗಾದರೆ ಪ್ರತೀಕಾರವು ಬೇಡವೇ ಎಂದು ತರುಣರು ಕೇಳಬಹುದು. ಡೈಯರನ ಕೃತ್ಯವನ್ನು ಸಮರ್ಥಿಸಿದ ಪಂಜಾಬದ ಲೆಫ್ಟಿನೆಂಟ್ ಗವರ್ನರ್ ಮೈಕೇಲ್ ಓಡೈಯರನನ್ನು ಉಧಮಸಿಂಹನು 1940ನೆಯ ಮಾರ್ಚಿ 13ರಂದು ಲಂಡನ್ನಿನಲ್ಲಿ ಕೊಂದು, ಆ ವರ್ಷದ ಜುಲೈಯಲ್ಲಿ ಗಲ್ಲಿಗೇರಿದನು. ಸೆರೆಯಲ್ಲಿ ಅವನು ಹೇಳಿಕೊಂಡ ಹೆಸರು ಮಹಮ್ಮದ್ ಸಿಂಗ್ ಆಜಾದ್ ಎಂದು. ಕೊಲೆಯನ್ನು ಹೊಗಳಲು ನನ್ನ ನಾಲಗೆಯು ಏಳುವುದಿಲ್ಲ. ಅವನು ಹೊತ್ತ ನೋವನ್ನು ಹಗುರಮಾಡಲೂ ಏಳುವುದಿಲ್ಲ. ಆ ಹೆಸರಿನಲ್ಲಿ ಎಲ್ಲ ಮತದವರನ್ನೂ ಒಂದುಗೂಡಿಸಿದನಲ್ಲ, ಅದನ್ನು ಮಾತ್ರ ನಾವು ಉಳಿಸಿಕೊಳ್ಳೋಣ. ಏಕೆಂದರೆ ಒಂದೇ ಪಾತ್ರೆಯಲ್ಲಿ ನೀರು ಕುಡಿದ ಆ ಅಮೃತಸರದ ಜನರೇ 1947ರಲ್ಲಿ ದೇಶವು ಒಡೆದಾಗ ಒಬ್ಬರಿಗೊಬ್ಬರು ಕತ್ತಿ ಹಿರಿದರು. ಸ್ಮಾರಕದ ನೆಲವು ಅಲ್ಲಿಯೇ ಇತ್ತು; ಸ್ಮರಣೆಯು ಎದೆಯಿಂದ ಜಾರಿಹೋಗಿದ್ದಿತು.

ಇಲ್ಲಿಯೇ ನಮ್ಮ ಶರಣರು ತೋರಿಸಿದ ಸ್ಥಾವರ ಜಂಗಮಗಳ ಭೇದವು ನನ್ನ ನೆನಪಿಗೆ ಬರುವುದು. ಕಂಬವು ಸ್ಥಾವರ. ಬೇಕು ಅದು, ಕಂಬವಿಲ್ಲದಿದ್ದರೆ ನನ್ನಂಥವನು ಎಲ್ಲಿಗೆ ಹೋಗಿ ನಿಲ್ಲಬೇಕು? ಆದರೆ ಅದನ್ನು ತೊಳೆಯಬಹುದು, ಬಣ್ಣ ಹಚ್ಚಬಹುದು, ನಗುವ ಶಿಲ್ಪಗಳಿಂದ ಅಲಂಕರಿಸಬಹುದು. ಗೋಡೆಯ ತೂತನ್ನು ತನ್ನ ಎದೆಗೆ ಅಳೆದುಕೊಂಡ ಆ ಹುಡುಗನ ಮನಸ್ಸಿನಲ್ಲಿ ಉಂಟಾದುದು ಜಂಗಮ. ಅದು ಅವನೊಡನೆ ನಡೆಯುತ್ತದೆ. ಹರಳಯ್ಯ ಮಧುವರಸರು ಕುಲದ ಗೋಡೆಯನ್ನು ಕೆಡವಿ ಬೀಗತನ ಬೆಳೆಸಿದುದಕ್ಕಾಗಿ ಕಲ್ಯಾಣದಲ್ಲಿ ಎಳೆಹೂಟೆಯ ಘೋರ ಶಿಕ್ಷೆಗೆ ಗುರಿಯಾದರೆಂದು ನಮ್ಮ ಪರಂಪರೆಯು ಹೇಳುತ್ತದೆ. ಶರಣರು ಅವರಿಗಾಗಿ ಸ್ತಂಭವನ್ನು ನೆಡಲು ಅವಕಾಶವಿರಲಿಲ್ಲ. ವಚನದ ಕಟ್ಟುಗಳನ್ನು ಹೊತ್ತು ದಿಕ್ಕು ದಿಕ್ಕಿಗೆ ಚೆದರಿದರು. ಆದರೂ ಎಂಟು ಶತಮಾನಗಳ ಮೇಲೆ ನಾವು ಆ ಹೆಸರುಗಳನ್ನು ಮಕ್ಕಳಿಗೆ ಹೇಳುತ್ತಿದ್ದೇವೆ.

ನಮ್ಮ ಕನ್ನಡ ನೆಲದಲ್ಲಿಯೇ ಒಂದು ಬಾಗು ಇದೆಯೆಂಬುದನ್ನೂ ಮರೆಯಬಾರದು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ನೆಯ ಏಪ್ರಿಲ್ 25ರಂದು ರಾಷ್ಟ್ರಧ್ವಜವನ್ನು ಹಾರಿಸಲು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅದನ್ನು ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಕರೆಯುವ ರೂಢಿಯಾಗಿದೆ. ಅಲ್ಲಿಯೂ ಸತ್ತವರ ವಿಷಯದಲ್ಲಿ ಸರ್ಕಾರದ ಲೆಕ್ಕ ಒಂದು, ಜನರ ಲೆಕ್ಕ ಮತ್ತೊಂದು. ಅಲ್ಲಿಯೂ ಗುಂಡು ಹಾರಿಸಿದ ಕೈಗಳು ನಮ್ಮವೇ. ಕನ್ನಡ ಬಲ್ಲ ಕೈಗಳು. ಅಮೃತಸರಕ್ಕೆ ಹೋಗಲಾರದವರು ವಿದುರಾಶ್ವತ್ಥಕ್ಕಾದರೂ ತಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿರಿ. ಹೋದಾಗ ಪರರನ್ನು ದ್ವೇಷಿಸುವ ಪಾಠವನ್ನು ಕಲಿಸಬೇಡಿರಿ. ಮಕ್ಕಳು ಪ್ರಶ್ನೆ ಕೇಳುವ ತನಕ ಸುಮ್ಮನೆ ನಿಂತಿರಿ. ಆಮೇಲೆ ನಿಜವನ್ನು ಹೇಳಿರಿ, ನಮ್ಮ ತಪ್ಪನ್ನೂ ಸೇರಿಸಿ ಹೇಳಿರಿ.

ಕಡೆಯದಾಗಿ ನನ್ನದೊಂದು ಬಿನ್ನಹವಿದೆ. ಬಾಗಿನಿಂದ ಹೊರಬಂದಾಗ ನನಗೆ ಬಾಯಾರಿದ್ದಿತು. ಬೀದಿಯ ಅಂಚಿನಲ್ಲಿ ಸಿಖ್ಖ ತರುಣನೊಬ್ಬನು ದಾರಿಹೋಕರಿಗೆ ನೀರು ಕೊಡುತ್ತಿದ್ದನು. ನನ್ನ ಹೆಸರನ್ನು ಕೇಳಲಿಲ್ಲ, ಮತವನ್ನು ಕೇಳಲಿಲ್ಲ, ಎರಡು ಕೈಗಳಿಂದಲೂ ಬಟ್ಟಲನ್ನು ನೀಡಿದನು. ಆ ನೀರನ್ನು ಕುಡಿಯುವಾಗ ಹನ್ನೆರಡು ವಯಸ್ಸಿನ ಆ ಬಾಲಕನ ನೆನಪಾಗಿ ಗಂಟಲು ಕಟ್ಟಿತು. ಶ್ರೀಮಠದ ಮಹಾದ್ವಾರದಲ್ಲಿ ಬೇಸಗೆಯ ದಿನಗಳಲ್ಲಿ ನಡೆಯುವ ಅರವಟ್ಟಿಗೆಯನ್ನು ಈ ಸುವರ್ಣ ಮಹೋತ್ಸವದ ಸ್ಮರಣಾರ್ಥವಾಗಿ ವರ್ಷವೆಲ್ಲವೂ, ರಾತ್ರಿಯ ಹೊತ್ತಿನಲ್ಲಿಯೂ ನಡೆಸುವಂತಾದರೆ, ಅದರ ವೆಚ್ಚದಲ್ಲಿ ನನ್ನ ಅಲ್ಪ ನಿವೃತ್ತಿವೇತನದ ಒಂದು ಪಾಲನ್ನು ಬದುಕಿರುವ ತನಕ ಸಲ್ಲಿಸುವುದಾಗಿ ಗುರುಸನ್ನಿಧಿಯಲ್ಲಿ ಸಂಕಲ್ಪ ಮಾಡುತ್ತೇನೆ. ಇದು ದಾನವಲ್ಲ. ಮಳೆಯ ರಾತ್ರಿಯಲ್ಲಿ ನಾನು ವಿಚಾರಿಸದೆ ಬಿಟ್ಟ ಒಬ್ಬ ಅಜ್ಜಿಗೆ ಸಲ್ಲಬೇಕಾದ ಸಾಲ.

ಎಂಟು ಗಂಟೆಯ ಮೇಲೆಯೂ ಬಾಗಿಲು ತೆರೆದಿರುವ ಮನೆಯೊಂದು ಪ್ರತಿಯೊಂದು ಊರಿನಲ್ಲಿಯೂ ಇರಲಿ. ನೀರು ಕೇಳಿದವರಿಗೆ ನೀರು ದೊರೆಯಲಿ. ಅದು ನನ್ನ ಕೆಲಸವಲ್ಲವೆಂಬ ಮಾತು ಈ ಮಠದ ಮಕ್ಕಳ ಬಾಯಿಂದ ಎಂದಿಗೂ ಬಾರದಿರಲಿ ಎಂದು ಪ್ರಾರ್ಥಿಸುತ್ತೇನೆ.